ಡ್ರಿಫ್ಟ್ ಬೋಟ್ ಬೇಕೆಂದರೆ ಮೊದಲು ಹುಟ್ಟು ಹಾಕುವವನನ್ನು ಕೇಳಿ

ಅಮೆರಿಕದಲ್ಲಿ ಕೆಲಸಕ್ಕಿರುವ ನಮ್ಮ ಹುಬ್ಬಳ್ಳಿ-ಧಾರವಾಡದ ಹುಡುಗರು ರಜೆಯಲ್ಲಿ ಕಳಿಸುವ ವಿಡಿಯೊಗಳಲ್ಲಿ ಒಂದು ದೋಣಿ ಪದೇ ಪದೇ ಕಾಣುತ್ತದೆ. ಎರಡೂ ತುದಿ ನೀರಿನಿಂದ ಮೇಲಕ್ಕೆ ಎದ್ದಿರುತ್ತವೆ. ನಡುವೆ ಒಬ್ಬ ಕೂತು ಎರಡು ಉದ್ದನೆಯ ಹುಟ್ಟು ಹಾಕುತ್ತಿರುತ್ತಾನೆ. ಮುಂದೊಬ್ಬ, ಹಿಂದೊಬ್ಬ ನಿಂತು ತೆಳ್ಳನೆಯ ಗಾಳದ ರಾಡ್ ಬೀಸುತ್ತಿರುತ್ತಾರೆ. ಅದೇ ಡ್ರಿಫ್ಟ್ ಬೋಟ್. ಇದನ್ನು ನೋಡಿದ ಮೇಲೆ ಹಾವೇರಿ, ರಾಣೆಬೆನ್ನೂರು ಕಡೆಯ ಗಾಳದ ಹುಚ್ಚಿನವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ.

"ಅಣ್ಣಾರ, ಗೋಕುಲ ರೋಡ್ ಎಸ್ಟೇಟಿನಾಗ ಅಲ್ಯೂಮಿನಿಯಂ ಶೀಟ್ ತಗೊಂಡು ನಾವ ಒಂದು ಮಾಡಿಸಿದ್ರ ಆಗೂದಿಲ್ಲೇನ್ರೀ?"

ಯಾಕಾಗುವುದಿಲ್ಲ, ಆಗುತ್ತದೆ. ಶೀಟ್ ಬಗ್ಗಿಸುವವರೂ ಇದ್ದಾರೆ, ವೆಲ್ಡಿಂಗ್ ಮಾಡುವವರೂ ಇದ್ದಾರೆ. ಆದರೆ ಎಂಥದ್ದು ಮಾಡಿಸಬೇಕು ಅಂತ ಕೇಳಿದರೆ ಮಾತು ಶುರುವಾಗುವುದೇ ತಪ್ಪು ಕಡೆಯಿಂದ. ಎಷ್ಟು ಜನ ಕೂರಬಹುದು, ಐಸ್ ಬಾಕ್ಸ್ ಎಲ್ಲಿಡುವುದು, ರಾಡ್ ಎಲ್ಲಿ ಸಿಗಿಸುವುದು. ಇದೆಲ್ಲ ಮೀನು ಹಿಡಿಯುವವನ ಚಿಂತೆ. ಡ್ರಿಫ್ಟ್ ಬೋಟ್ ಕಟ್ಟುವುದು ಹುಟ್ಟು ಹಾಕುವವನಿಗಾಗಿ. ಅವನಿಗೆ ಸರಿಹೋದರೆ ರಾಡ್ ಹಿಡಿದವರಿಗೆ ತಾನಾಗಿಯೇ ಸರಿಹೋಗುತ್ತದೆ. ಯಾಕೆ ಅಂತ ತಿಳಿಯಬೇಕಾದರೆ ಈ ದೋಣಿಯಲ್ಲಿ ನಿಂತು ಮಾಡುವ ಫ್ಲೈ ಫಿಶಿಂಗ್ ಏನು ಅಂತ ಸ್ವಲ್ಪ ನೋಡಬೇಕು.

ನಾವು ಹಾಕುವ ಮಾಮೂಲಿ ಗಾಳದಲ್ಲಿ ಎರೆ ಮತ್ತು ಸೀಸದ ಗುಂಡಿನ ಭಾರ ದಾರವನ್ನು ಎಳೆದುಕೊಂಡು ಹೋಗುತ್ತದೆ. ಫ್ಲೈಗೆ ಭಾರವೇ ಇಲ್ಲ. ಸಣ್ಣ ಕೊಕ್ಕೆಗೆ ಗರಿ, ಕೂದಲು, ನೂಲು ಸುತ್ತಿ ಹುಳುವಿನ ಹಾಗೆ ಮಾಡಿರುತ್ತಾರೆ, ಅಷ್ಟೆ. ಅದಕ್ಕೇ ಇಲ್ಲಿ ಲೈನ್, ಅಂದರೆ ದಾರ, ದಪ್ಪ, ಭಾರ ಇರುವುದು ಲೈನಿನಲ್ಲಿ, ಬೀಸುವುದೂ ಲೈನನ್ನೇ. ಬೀಸಿದ ಮೇಲೆ ಆ ಹುಳು ನೀರಿನ ಮೇಲೆ ನಿಜವಾದ ಹುಳು ತೇಲಿದ ಹಾಗೆ, ತನ್ನ ಸುತ್ತಲಿನ ನೀರು ಹೋಗುವ ವೇಗದಲ್ಲೇ ಹೋಗಬೇಕು. ಲೈನ್ ಎಳೆದು ಹುಳು ಸರಕ್ಕನೆ ಪಕ್ಕಕ್ಕೆ ಜಾರಿತೋ, ಮೇಲೆ ಸಣ್ಣ ಗೆರೆ ಬಿತ್ತೋ, ಅಲ್ಲಿಯ ಹೊಳೆಗಳ ಟ್ರೌಟ್ ಮೀನು ಮುಖ ತಿರುಗಿಸಿಕೊಂಡು ಹೋಗುತ್ತದೆ.

ಈಗ ಹೊಳೆಯನ್ನು ನೆನಪು ಮಾಡಿಕೊಳ್ಳಿ. ನಡುವೆ ಸೆಳವು ಜೋರು, ದಂಡೆಯ ಬದಿಗೆ ನೀರು ನಿಧಾನ. ಮೀನು ಸುಮ್ನೆ ಸೆಳವಿನಲ್ಲಿ ಈಜಿ ಸುಸ್ತು ಮಾಡಿಕೊಳ್ಳುವುದಿಲ್ಲ, ಬದಿಯ ನಿಧಾನದ ನೀರಿನಲ್ಲಿ ಕಲ್ಲು, ಬೇರು, ದಡದ ನೆರಳಿನ ಪಕ್ಕ ನಿಂತು ಬಂದ ಹುಳು ತಿನ್ನುತ್ತದೆ. ದೋಣಿ ಇರುವುದು ನಡುನೀರಿನಲ್ಲಿ, ಹುಳು ಬೀಳುವುದು ದಂಡೆಯ ಹತ್ತಿರ. ದೋಣಿಯನ್ನು ಹಾಗೇ ಬಿಟ್ಟರೆ ಅದು ಹುಳುವಿಗಿಂತ ಮುಂದೆ ಓಡುತ್ತದೆ, ಲೈನ್ ಬಿಗಿಯಾಗುತ್ತದೆ, ಆಟ ಮುಗಿಯಿತು. ಹಾಗಾಗಿ ಹುಟ್ಟು ಹಿಡಿದವನು ದೋಣಿಯನ್ನು ಹಿಂದಕ್ಕೆ ಎಳೆಯುತ್ತಾ ಎಳೆಯುತ್ತಾ ಅದರ ವೇಗವನ್ನು ದಂಡೆಯ ನೀರಿನ ವೇಗಕ್ಕೆ ಇಳಿಸುತ್ತಾನೆ. ಅವನು ಸರಿಯಾಗಿ ಹಿಡಿದರೆ ಒಂದೇ ಸಲ ಬೀಸಿದ ಹುಳು ಮನೆಯೊಂದರ ಉದ್ದಕ್ಕಿಂತ ಜಾಸ್ತಿ ದೂರ ಹಾಗೇ ತೇಲಿಕೊಂಡು ಹೋಗುತ್ತದೆ. ದಡದಲ್ಲಿ ನಿಂತು ಬೀಸುವವನಿಗೆ ಅಷ್ಟು ದೂರ ಸಿಗುವುದೇ ಇಲ್ಲ. ದೋಣಿಗೆ ಅಷ್ಟು ದುಡ್ಡು ಹಾಕುವುದಕ್ಕೆ ಇರುವ ಕಾರಣ ಇದೊಂದೇ ಅಂತ ನನಗನ್ನಿಸುತ್ತದೆ.

ಇಲ್ಲಿ ಇನ್ನೊಂದು ವಿಚಿತ್ರ ಇದೆ. ಮಾಮೂಲಿ ದೋಣಿಯಲ್ಲಿ ಎರಡು ಹುಟ್ಟು ಹಾಕುವವನ ಬೆನ್ನು ಹೋಗುವ ದಿಕ್ಕಿಗಿರುತ್ತದೆ. ಡ್ರಿಫ್ಟ್ ಬೋಟಿನಲ್ಲಿ ಅವನ ಮುಖ ಹೊಳೆ ಹರಿಯುವ ಕಡೆಗೇ ಇರುತ್ತದೆ. ಮುಂದೆ ಬಂಡೆ ಕಂಡರೆ ದೋಣಿಯ ಮೂತಿಯನ್ನು ಬಂಡೆಯ ಕಡೆಗೆ ಓರೆಯಾಗಿ ತಿರುಗಿಸಿ, ಹಿಂದಕ್ಕೆ ಎಳೆಯುತ್ತಾನೆ. ಎಳೆಯುವ ಏಟಿನಲ್ಲಿ ಬೆನ್ನು, ಕಾಲು ಎರಡರ ಬಲವೂ ಸೇರುತ್ತದೆ, ತಳ್ಳುವುದರಲ್ಲಿ ಅಷ್ಟು ಬಲ ಇಲ್ಲ. ದೋಣಿ ನಿಧಾನವಾಗುತ್ತಾ ಓರೆಯಾಗಿ ಪಕ್ಕಕ್ಕೆ ಸರಿಯುತ್ತದೆ, ಬಂಡೆ ಬದಿಯಲ್ಲಿ ದಾಟಿ ಹೋಗುತ್ತದೆ. ಅಪಾಯಕ್ಕೆ ಮುಖ ಮಾಡಿ ಅದರಿಂದ ದೂರ ಎಳೆದುಕೊಳ್ಳುವುದು, ಇಡೀ ವಿದ್ಯೆ ಇಷ್ಟೇ. ದೋಣಿಯ ಆಕಾರವೂ ಈ ವಿದ್ಯೆಗೆ ತಕ್ಕ ಹಾಗೇ ಬೆಳೆದಿದೆ.

ಬೆಳೆದದ್ದು ಅಮೆರಿಕದ ಓರೆಗಾನ್ ರಾಜ್ಯದ ಮೆಕೆಂಜಿ ಹೊಳೆಯಲ್ಲಿ. 1920ರಿಂದ 40ರ ದಶಕದವರೆಗೆ ವೆಲ್ಟಿ ಪ್ರೂಟ್, ಟಾಮ್ ಕಾರ್ಹಸ್, ವುಡಿ ಹಿಂಡ್‌ಮನ್ ಎಂಬ ಕಟ್ಟುವವರು ಒಬ್ಬರ ಕೆಲಸ ಒಬ್ಬರು ನೋಡುತ್ತಾ ತಿದ್ದುತ್ತಾ ಬಂದರು. ಮೊದಲು ಹಲಗೆ, ಆಮೇಲೆ ಪ್ಲೈವುಡ್. ಅಲ್ಲಿಯ ನೀರು ಕಲ್ಲುಬಂಡೆ, ಬಿಳಿನೊರೆ, ಇಳಿಜಾರು. ಇದು ನೆನಪಿರಲಿ, ನಮ್ಮ ಹೊಳೆಯ ಮಾತಿಗೆ ಬಂದಾಗ ಬೇಕಾಗುತ್ತದೆ.

ಆಕಾರದಲ್ಲಿ ಮೊದಲು ನೋಡಬೇಕಾದದ್ದು ತಳ. ಸಮುದ್ರದ ದೋಣಿಗೆ ತಳದ ನಡುವೆ ಉದ್ದಕ್ಕೂ ಒಂದು ಏಣು ಇರುತ್ತದೆ, ದೋಣಿ ನೇರ ಹೋಗಲಿ ಅಂತ. ಡ್ರಿಫ್ಟ್ ಬೋಟಿಗೆ ಅದು ಇಲ್ಲ. ಪಕ್ಕಕ್ಕೆ ಜಾರುವುದೇ ಅದರ ಕೆಲಸ, ಏಣು ಇದ್ದರೆ ಸೆಳವು ಅದನ್ನು ಹಿಡಿದು ದೋಣಿಯನ್ನು ಮಗುಚಿಹಾಕುತ್ತದೆ. ಮಲ್ಪೆ, ಮಂಗಳೂರು ಕಡೆ ಒಳ್ಳೆಯ ಫೈಬರ್ ದೋಣಿ ಕಟ್ಟುತ್ತಾರೆ, ಅಲ್ಲಿಂದ ಒಂದು ಚಿಕ್ಕದನ್ನು ತಂದು ಹೊಳೆಗೆ ಬಿಡೋಣ ಅನ್ನುವವರಿಗೆ ನನ್ನ ಉತ್ತರ ಇದೇ. ಅವರ ಕೈಕೆಲಸದಲ್ಲಿ ಏನೂ ಕಡಿಮೆಯಿಲ್ಲ, ಆದರೆ ಅವರ ಅಚ್ಚು ಸಮುದ್ರದ್ದು.

ತಳ ಅಡ್ಡಡ್ಡ ಚಪ್ಪಟೆ, ಉದ್ದುದ್ದ ಮಾತ್ರ ತೂಗುಕುರ್ಚಿಯ ಕಾಲಿನ ಹಾಗೆ ಬಾಗಿರುತ್ತದೆ. ಇದನ್ನು ರಾಕರ್ ಅನ್ನುತ್ತಾರೆ. ಬಾಗು ಜಾಸ್ತಿ ಇದ್ದರೆ ಎರಡು ತುದಿಗಳು ನೀರಿಗೆ ತಾಗುವುದೇ ಕಡಿಮೆ, ಒಂದು ಹುಟ್ಟು ಎಳೆದರೆ ಸಾಕು, ದೋಣಿ ನಿಂತಲ್ಲೇ ತಿರುಗುತ್ತದೆ, ಅಲೆ ಬಂದರೆ ಮೇಲೇರಿ ಇಳಿಯುತ್ತದೆ. ಆದರೆ ಭಾರವೆಲ್ಲ ನಡುವೆ ಬೀಳುವುದರಿಂದ ಅಲ್ಲಿ ಸ್ವಲ್ಪ ಆಳ ಮುಳುಗುತ್ತದೆ, ನಿಂತವರ ಕಾಲಡಿ ತೂಗಾಟ ಜಾಸ್ತಿ, ನಿಂತ ನೀರಿನಲ್ಲಿ ನೇರ ಹೋಗು ಅಂದರೆ ಅತ್ತಿತ್ತ ಮೂತಿ ಆಡಿಸುತ್ತದೆ. ನಡುವೆ ಒಂದಷ್ಟು ಉದ್ದ ಚಪ್ಪಟೆ ಇಟ್ಟು ತುದಿಗಳನ್ನು ಮಾತ್ರ ಬಾಗಿಸಿದರೆ ಭಾರ ಹರಡಿಕೊಳ್ಳುತ್ತದೆ, ಕೆಲವೇ ಇಂಚು ನೀರಿದ್ದರೂ ತೇಲುತ್ತದೆ, ನಿಲ್ಲಲು ಗಟ್ಟಿ ನೆಲ ಸಿಕ್ಕ ಹಾಗಿರುತ್ತದೆ, ಬದಲಿಗೆ ತಿರುಗಿಸುವಾಗ ಭುಜಕ್ಕೆ ಕೆಲಸ. ಬಂಡೆ, ಅಲೆ ಇರುವ ಹೊಳೆಗೆ ಮೊದಲನೆಯದು. ಅಗಲವಾಗಿ, ಆಳವಿಲ್ಲದೆ, ನಿಧಾನ ಹರಿಯುವ ಹೊಳೆಗೆ ಎರಡನೆಯದು. ಅಂಗಡಿಯವನು ಎರಡೂ ಗುಣ ಒಂದರಲ್ಲೇ ಇದೆ ಅಂದರೆ ನಕ್ಕು ಮುಂದೆ ಹೋಗಿ.

ಪಕ್ಕದ ಗೋಡೆ ಹೊರಕ್ಕೆ ವಾಲಿರುತ್ತದೆ. ದೋಣಿ ಒಂದು ಕಡೆ ವಾಲಿದಷ್ಟೂ ಆ ಕಡೆ ಹೆಚ್ಚು ನೀರನ್ನು ಒತ್ತುತ್ತದೆ, ಅದೇ ಅದನ್ನು ಎತ್ತಿ ನಿಲ್ಲಿಸುತ್ತದೆ. ಗೋಡೆ ಎತ್ತರ ಇದ್ದರೆ ಅಲೆಯ ನೀರು ಒಳಗೆ ಬರುವುದಿಲ್ಲ, ಆದರೆ ಗಾಳಿ ಹಿಡಿಯುತ್ತದೆ. ಗಾಳಿ ಅಂದರೆ ನಮ್ಮವರಿಗೆ ಜಾಸ್ತಿ ಹೇಳಬೇಕಿಲ್ಲ. ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳನ್ನು ಅಂದಕ್ಕೆ ನಿಲ್ಲಿಸಿಲ್ಲ, ಅಲ್ವಾ? ಆ ಗಾಳಿ ಮುಂಡರಗಿ ಕಡೆಯ ಬಯಲು ನೀರಿನ ಮೇಲೆ ಬಂದಾಗ ಎತ್ತರದ ಗೋಡೆಯ ಖಾಲಿ ದೋಣಿ ಸೆಳವಿಗೆ ವಿರುದ್ಧವಾಗಿಯೂ ಓಡಬಲ್ಲದು. ಅಂಥ ಕಡೆ ತಗ್ಗು ಗೋಡೆಯದೇ ಸರಿ. ಹತ್ತಿ ಇಳಿಯುವುದೂ ಸುಲಭ.

ಅಳತೆಯ ವಿಷಯಕ್ಕೆ ಬಂದರೆ, ಮೂರು ಜನರ ದೋಣಿಗೆ 16 ಅಡಿ ಉದ್ದ, ತಳದಲ್ಲಿ 54 ಇಂಚು ಅಗಲ ಅಲ್ಲಿ ಮಾಮೂಲಿ. ಯಾಕೆ 16? ಫ್ಲೈ ರಾಡ್ ಸಾಮಾನ್ಯವಾಗಿ 9 ಅಡಿ. ಇಬ್ಬರು ಒಂದೇ ಸಲ ಬೀಸಿದರೆ ಒಬ್ಬನ ಲೈನ್ ಇನ್ನೊಬ್ಬನ ಕಿವಿಗೆ ಬರಬಾರದು, ನಡುವೆ ಕೂತವನ ಟೋಪಿಗೂ ಬರಬಾರದು. ಒಬ್ಬ ಹುಟ್ಟಿಗೆ, ಒಬ್ಬ ರಾಡಿಗೆ ಅಂತಿದ್ದರೆ 14 ಅಡಿ ಉದ್ದ, 48 ಇಂಚು ಅಗಲ ಸಾಕು. ಹಗುರ, ಕಿರಿದಾದ ಹೊಳೆಗೂ ಆಗುತ್ತದೆ. ತಳ ಅಗಲವಾದಷ್ಟೂ ಸ್ಥಿರ, ಹಾಗೇ ಎಳೆಯಲು ಭಾರ. ದೊಡ್ಡದು ತಗೊಂಡರೆ ಮುಂದೆ ಬೇಕಾಗಬಹುದು ಅನ್ನುವುದು ಮನೆ ಕಟ್ಟುವಾಗಿನ ಲೆಕ್ಕ, ದೋಣಿಗೆ ಅದು ನಡೆಯುವುದಿಲ್ಲ.

ಯಾವುದರಲ್ಲಿ ಮಾಡಿದ್ದು ಅನ್ನುವುದು ಜನ ಬಹಳ ಜಗಳವಾಡುವ ವಿಷಯ, ಆದರೆ ಅಷ್ಟು ದೊಡ್ಡದಲ್ಲ. ಫೈಬರ್ ದೋಣಿ ಸದ್ದು ಮಾಡುವುದಿಲ್ಲ, ಕಲ್ಲಿನ ಮೇಲೆ ಜಾರಿಕೊಂಡು ಹೋಗುತ್ತದೆ, ಜೋರಾಗಿ ಬಡಿದರೆ ಸೀಳುತ್ತದೆ, ಆದರೆ ರೆಸಿನ್ ಅಂಟು ಮತ್ತು ಫೈಬರ್ ಮ್ಯಾಟ್ ಇದ್ದರೆ ಮನೆಯಲ್ಲೇ ರಿಪೇರಿ. ಅಲ್ಯೂಮಿನಿಯಂ ಸೀಳುವುದು ಕಡಿಮೆ, ತಗ್ಗು ಬೀಳುತ್ತದೆ, ಕಲ್ಲಿಗೆ ಅಂಟಿದಂತೆ ನಿಂತುಬಿಡುತ್ತದೆ, ಒಳಗೊಂದು ಡಬ್ಬಿ ಬಿದ್ದರೂ ಹೊಳೆಯ ಮೀನಿಗೆಲ್ಲ ಗೊತ್ತಾಗುತ್ತದೆ. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಅದರ ಅಂಚಿನ ಮೇಲೆ ಬರಿಗೈ ಇಟ್ಟು ನೋಡಿ, ಮತ್ತೆ ಅದರ ಹೆಸರು ಎತ್ತುವುದಿಲ್ಲ. ಪ್ಲೈವುಡ್ ಎಲ್ಲಕ್ಕಿಂತ ಚೆಂದ, ಹಗುರ, ಕೈಯಲ್ಲೇ ಕಟ್ಟಬಹುದು, ಆದರೆ ನೀರಿಗೆ ತಾಳುವ ಮರೈನ್ ಪ್ಲೈ ಆಗಿರಬೇಕು, ನೀರು ಇಳಿಯದಂತೆ ಎಪಾಕ್ಸಿ ಅಂಟು ಬಳಿಯಬೇಕು, ನೆರಳಿನಲ್ಲಿ ಇಡಬೇಕು. ಫೈಬರ್ ಅಥವಾ ಅಲ್ಯೂಮಿನಿಯಂ 16 ಅಡಿಯದು ಖಾಲಿ ಇದ್ದಾಗಲೇ ಸುಮಾರು 150ರಿಂದ 200 ಕೆಜಿ ತೂಗುತ್ತದೆ. ಇಬ್ಬರು ಹೊತ್ತು ದಂಡೆ ಹತ್ತಿಸುವ ಮಾತೇ ಇಲ್ಲ.

ಹುಟ್ಟು ಹಾಕುವವನ ಜಾಗ ಮಾತ್ರ ಕೂತೇ ನೋಡಬೇಕು. ಸೀಟಿನಲ್ಲಿ ಕೂತು ಕಾಲು ಚಾಚಿ. ಅಂಗಾಲು ಒತ್ತಲಿಕ್ಕೆ ಒಂದು ಅಡ್ಡಪಟ್ಟಿ ಸಿಗಬೇಕು, ಮೊಣಕಾಲು ಸ್ವಲ್ಪ ಬಾಗಿರಬೇಕು. ಅದಿಲ್ಲದ ದೋಣಿಯಲ್ಲಿ ಎಳೆಯುವುದೆಲ್ಲ ಬರೀ ಸೊಂಟದ ಮೇಲೆ ಬೀಳುತ್ತದೆ. ಎರಡು ಹುಟ್ಟಿನ ಹಿಡಿಗಳನ್ನು ಎದೆಯ ಮುಂದೆ ತಂದಾಗ ನಡುವೆ ಕೆಲವು ಇಂಚು ಬಿಟ್ಟಿರಬೇಕು, ಇಲ್ಲದಿದ್ದರೆ ಹೆಬ್ಬೆರಳು ಜಜ್ಜುತ್ತದೆ. ಹಿಡಿ ಹೊಟ್ಟೆಗೆ ಬಡಿಯುತ್ತಿದ್ದರೆ ಹುಟ್ಟು ಸಿಗಿಸುವ ಗೂಟದ ಎತ್ತರ ಕಡಿಮೆ, ಗದ್ದದ ಹತ್ತಿರ ಬಂದರೆ ಜಾಸ್ತಿ. 54 ಇಂಚಿನ ದೋಣಿಗೆ 9 ಅಥವಾ 9.5 ಅಡಿ ಹುಟ್ಟು ಹೊಂದುತ್ತದೆ. ಉದ್ದದಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಗೂಟದ ಒಳಗೆ, ಎರಡು ಭಾಗ ಹೊರಗೆ. ಮೂರನೆಯ ಹುಟ್ಟೊಂದು ದೋಣಿಯ ಒಳಬದಿಗೆ ಕಟ್ಟಿರಲೇಬೇಕು. ಸೆಳವಿನ ನಡುವೆ ಒಂದು ಮುರಿದರೆ ಉಳಿದ ಒಂದರಿಂದ ದೋಣಿ ಸುತ್ತು ಹೊಡೆಯುವುದು ಬಿಟ್ಟು ಬೇರೇನೂ ಆಗುವುದಿಲ್ಲ.

ಲಂಗರು ಹಿಂಬದಿಯ ಮೊಟುಕು ತುದಿಯಿಂದ ತೂಗುತ್ತದೆ, 11ರಿಂದ 14 ಕೆಜಿ. ಅದರ ಹಗ್ಗ ರಾಟೆಗಳ ಮೇಲೆ ಹಾದು ಹುಟ್ಟು ಹಾಕುವವನ ಹತ್ತಿರ ಬರುತ್ತದೆ, ಕಾಲಿನಿಂದ ಒತ್ತಿ ಬಿಡುವ ಹಾಗೆ. ಜೋರು ಸೆಳವಿನಲ್ಲಿ ಲಂಗರು ಹಾಕಬಾರದು. ಹಿಂಬದಿ ಕೆಳಕ್ಕೆ ಜಗ್ಗಿ ನೀರು ಒಳನುಗ್ಗುತ್ತದೆ. ಹಗ್ಗದ ತುದಿಗೆ ಗಂಟು ಹಾಕಿ ದೋಣಿಗೆ ಬಿಗಿಯುವುದೂ ಬೇಡ, ತೊಂದರೆಯಾದರೆ ಹಗ್ಗ ಪೂರ್ತಿ ಜಾರಿ ಹೋಗಲಿ. ಲಂಗರು ಹೋದರೆ ಹೋಯಿತು. ಒಂದು ಚಾಕು ಕೈಗೆ ಸಿಗುವ ಹಾಗಿರಲಿ.

ನಿಂತು ಬೀಸುವವರಿಗೆ ಮುಖ್ಯವಾಗಿ ಬೇಕಾದದ್ದು ತೊಡೆ ಆನಿಸಲು ಒಂದು ಆಧಾರ, ಮತ್ತೆ ಕಾಲಡಿ ಏನೂ ಇಲ್ಲದ ನೆಲ. ಲೈನ್ ಕೆಳಗೆ ಸುರುಳಿ ಬಿದ್ದಿರುತ್ತದೆ, ಅದು ಬೋಲ್ಟು, ಬಕೆಟ್ಟಿನ ಹಿಡಿ, ಚಪ್ಪಲಿಯ ಬಕಲ್ ಏನು ಸಿಕ್ಕರೂ ಸಿಕ್ಕಿಹಾಕಿಕೊಳ್ಳುತ್ತದೆ. ಐಸ್ ಬಾಕ್ಸಿನ ಜಾಗ ಆಮೇಲೆ ನೋಡಿ.

ಈಗ ನಮ್ಮ ಹೊಳೆ. ತುಂಗೆ, ಭದ್ರೆ ಕೂಡಲಿಯಲ್ಲಿ ಸೇರಿ, ಹರಿಹರ ದಾಟಿ, ರಾಣೆಬೆನ್ನೂರು ತಾಲ್ಲೂಕಿನ ಬದಿಗೆ ಚೌಡಯ್ಯದಾನಪುರದ ಮುಕ್ತೇಶ್ವರನ ಕೆಳಗೆ ಹಾದು, ಗಳಗನಾಥದಲ್ಲಿ ವರದೆಯನ್ನು ಕೂಡಿಕೊಂಡು ಗದಗ ಜಿಲ್ಲೆಯ ಅಂಚಿಗೆ ಬರುವ ತುಂಗಭದ್ರೆಗೆ ಮೆಕೆಂಜಿಯ ಇಳಿಜಾರು ಇಲ್ಲ. ಅಗಲ ಜಾಸ್ತಿ, ಇಳಿಜಾರು ಕಡಿಮೆ, ನಡುವೆ ಬಂಡೆ, ಮರಳು, ಮಡು. ಜುಲೈ, ಆಗಸ್ಟಿನಲ್ಲಿ ಅದು ಕೆಂಪು ನೀರಿನ ಪ್ರವಾಹ, ದೋಣಿಯ ಮಾತೇ ಬೇಡ. ಬೇಸಿಗೆಯಲ್ಲಿ ಎಷ್ಟೋ ಕಡೆ ಹರಿವೇ ಇರುವುದಿಲ್ಲ, ವರದೆಯಂತೂ ಕೆಟ್ಟ ವರ್ಷದಲ್ಲಿ ಬರೀ ಮಡು. ಮಳೆ ನಿಂತು ನೀರು ತಿಳಿಯಾದ ಮೇಲಿನ ಒಂದೆರಡು ತಿಂಗಳು ಮಾತ್ರ ಡ್ರಿಫ್ಟ್ ಬೋಟಿನ ವಿದ್ಯೆ ಉಪಯೋಗಕ್ಕೆ ಬರುವ ಹರಿವು ಇರುತ್ತದೆ. ಅಷ್ಟಕ್ಕೆ ಅಲೆಗೆಂದೇ ಮಾಡಿದ ಎತ್ತರದ, ಬಾಗು ಜಾಸ್ತಿಯ ದೋಣಿ ಮಾಡಿಸುವುದು ದಂಡ.

ಇನ್ನು ಟ್ರೌಟ್ ನಮ್ಮಲ್ಲಿಲ್ಲ. ಜಿಲೇಬಿ, ಬಾಳೆಮೀನು, ಕೊರವ, ಕೆಂಡೆಯ ಜಾತಿಯವು ಇವೆ. ಇವುಗಳಲ್ಲಿ ಹಲವು ಮೇಲೆ ತೇಲುವ ಹುಳುವಿಗಿಂತ ನೀರೊಳಗೆ ಓಡುವ ಮರಿಮೀನಿನಂಥ ಫ್ಲೈಗೆ ಬರುತ್ತವೆ, ಅದನ್ನು ಎಳೆದೆಳೆದು ಆಡಿಸಬೇಕು. ಹಾಗಾಗಿ ದೋಣಿಯ ವೇಗ ಕೂದಲೆಳೆಯಷ್ಟು ಸರಿಯಾಗಿರಬೇಕು ಅಂತೇನಿಲ್ಲ, ಒಂದೆಡೆ ಸ್ಥಿರ ನಿಂತರೆ ಸಾಕು. ಮಹಶೀರ್ ಸಿಕ್ಕರೆ ನೀರಿನಲ್ಲೇ ಕೊಕ್ಕೆ ಬಿಡಿಸಿ ಬಿಟ್ಟುಬಿಡಿ. ಈ ಕುಲದ ಕಾವೇರಿಯ ಗೂನುಬೆನ್ನಿನ ಮಹಶೀರ್ ಅಳಿವಿನ ಅಂಚಿಗೆ ಬಂದು ನಿಂತಿದೆ.

ಹಾಗಾದರೆ ತೆಪ್ಪ ಆಗುವುದಿಲ್ಲವೇ ಅಂತ ಕೇಳಬಹುದು. ಒಳ್ಳೆಯ ಪ್ರಶ್ನೆ. ಕಾವೇರಿಯಲ್ಲಿ ಬ್ರಿಟಿಷರ ಕಾಲದಿಂದಲೂ ಮಹಶೀರ್ ಗಾಳಕ್ಕೆ ತೆಪ್ಪವನ್ನೇ ಬಳಸಿದ್ದಾರೆ. ಬಿದಿರಿನ ಹೆಣಿಗೆ, ಮೇಲೆ ಟಾರ್ಪಾಲು, ಡಾಂಬರು, ಒಬ್ಬನೇ ತಲೆ ಮೇಲೆ ಹೊತ್ತು ನಡೆಯಬಹುದು, ಅಂಗೈ ಆಳದ ನೀರಿನಲ್ಲೂ ತೇಲುತ್ತದೆ. ತೊಂದರೆ ಎರಡು. ಅದು ದುಂಡಗಿರುವುದರಿಂದ ತಿರುಗುತ್ತಲೇ ಇರುತ್ತದೆ, ಫ್ಲೈ ಬೀಸುವವನಿಗೆ ಹಿಂದೆ ಮುಂದೆ ನೇರ ಜಾಗ ಬೇಕು, ಬೀಸಿ ಮುಗಿಯುವಷ್ಟರಲ್ಲಿ ದಂಡೆಯೇ ಬೇರೆ ಕಡೆ ಹೋಗಿರುತ್ತದೆ. ಮತ್ತೆ ಅದರಲ್ಲಿ ನಿಲ್ಲುವುದು ಅಪಾಯ. ಕೂತೇ ಬೀಸಬಲ್ಲೆ, ಅಂಬಿಗ ಗಟ್ಟಿಗ ಅಂತಿದ್ದರೆ ತೆಪ್ಪಕ್ಕಿಂತ ಅಗ್ಗದ ದಾರಿ ಇಲ್ಲ. ಹೊಳೆದಂಡೆಯ ಅಂಬಿಗರಿಗೆ ಗೊತ್ತಿರುವ ಸುಳಿ, ಕಲ್ಲು, ಮಡು ಯಾವ ಮ್ಯಾಪಿನಲ್ಲೂ ಇಲ್ಲ. ಒಮ್ಮೆ ದುಡ್ಡು ಕೊಟ್ಟು ಅವರ ಜೊತೆ ಹೋಗಿ ಬಂದ ಮೇಲೆಯೇ ಸ್ವಂತ ದೋಣಿಯ ವಿಚಾರ ಮಾಡಿ ಅನ್ನುತ್ತೇನೆ.

ನನ್ನ ಓಟು ಗಾಳಿ ತುಂಬುವ ರಾಫ್ಟಿಗೆ. 12ರಿಂದ 13 ಅಡಿಯದು, ಮೇಲೆ ಪೈಪಿನ ಚೌಕಟ್ಟು, ಅದಕ್ಕೆ ಸೀಟು, ಹುಟ್ಟಿನ ಗೂಟ, ತೊಡೆಯ ಆಧಾರ. ಹುಟ್ಟು ಹಾಕುವ ವಿದ್ಯೆ ಅದೇ. ಕಲ್ಲಿಗೆ ಬಡಿದರೆ ಪುಟಿಯುತ್ತದೆ, ತಳದ ತೂತುಗಳಿಂದ ಒಳಬಂದ ನೀರು ತಾನೇ ಹೊರಹೋಗುವ ಮಾದರಿಯೂ ಇದೆ. ಗಾಳಿ ಬಂದರೆ ಡ್ರಿಫ್ಟ್ ಬೋಟಿಗಿಂತ ಇದು ಹೆಚ್ಚು ಓಡಿಹೋಗುತ್ತದೆ, ನಿಂತರೆ ಕಾಲಡಿ ಮೆತ್ತಗೆ, ನಿಜ. ಆದರೆ ಸಾಗಿಸುವ ಕಷ್ಟ ಯೋಚಿಸಿ. 16 ಅಡಿಯ ಗಟ್ಟಿ ದೋಣಿ ಮೇಲಂಚಿನಲ್ಲಿ ಆರಡಿ ಅಗಲ ದಾಟುತ್ತದೆ, ಟಾಟಾ ಏಸ್‌ನ ಹಿಂಬದಿಯ ಉದ್ದವೇ ಏಳಡಿಯ ಆಸುಪಾಸು. ಟ್ರೇಲರ್ ಮಾಡಿಸಿದರೆ ಆರ್‌ಟಿಒ ನೋಂದಣಿ, ಇಳಿಸಲು ರ‍್ಯಾಂಪ್, ನಮ್ಮ ಹೊಳೆಗೆ ರ‍್ಯಾಂಪ್ ಎಲ್ಲಿದೆ? ಕಬ್ಬಿನ ಗದ್ದೆಯ ಬದುವಿನ ಮೇಲೆ ಹೊತ್ತುಕೊಂಡೇ ಇಳಿಯಬೇಕು. ರಾಫ್ಟ್ ಆದರೆ ಗಾಳಿ ತೆಗೆದು ಸುತ್ತಿ ಬೊಲೆರೊದ ಹಿಂದೆ ಹಾಕಬಹುದು. ಗಣೇಶಗುಡಿ ಹತ್ತಿರ ಕಾಳಿಯಲ್ಲಿ ಪ್ರವಾಸಿಗರನ್ನು ಕರೆದೊಯ್ಯುವುದೂ ಇಂಥ ರಾಫ್ಟುಗಳಲ್ಲೇ. ಅಲ್ಲಿ ಗಾಳ ಹಾಕುವ ಯೋಚನೆ ಇದ್ದರೆ ಮಾತ್ರ ಮೊದಲು ಅರಣ್ಯ ಇಲಾಖೆಯನ್ನು ಕೇಳಿ, ಸುತ್ತ ಹುಲಿ ಸಂರಕ್ಷಿತ ಪ್ರದೇಶ ಇದೆ, ಮೇಲಿನ ಸೂಪಾ ಅಣೆಕಟ್ಟಿನಿಂದ ವಿದ್ಯುತ್ತಿಗೆ ಬಿಡುವ ನೀರಿನಿಂದ ಮಟ್ಟವೂ ಏರಿಳಿಯುತ್ತದೆ. ತುಂಗಭದ್ರೆಯಲ್ಲೂ ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ಲೈಸೆನ್ಸ್ ವಿಚಾರಿಸಿಯೇ ಇಳಿಯಿರಿ.

ಇಷ್ಟು ಕೇಳಿದ ಮೇಲೂ ಗಟ್ಟಿ ದೋಣಿಯೇ ಬೇಕು ಅನ್ನುವವರು ಇರುತ್ತಾರೆ, ಇರಲಿ. ಅವರಿಗೆ 14 ಅಡಿ, 48 ಇಂಚು, ತಗ್ಗು ಗೋಡೆ, ನಡುವೆ ಚಪ್ಪಟೆ ತಳ, ಫೈಬರ್ ಅಥವಾ ಎಪಾಕ್ಸಿ ಬಳಿದ ಮರೈನ್ ಪ್ಲೈ. ಮಾಡಿಸುವಾಗ ತಳದ ಕೆಳಗೆ ಒಂದು ನೇರ ಪಟ್ಟಿ ಹಿಡಿದು ಬಾಗು ಎಲ್ಲಿಂದ ಶುರುವಾಗುತ್ತದೆ ನೋಡಿ, ಎರಡೂ ಬದಿ ಒಂದೇ ಕಡೆ ಶುರುವಾಗಬೇಕು. ಇಲ್ಲದಿದ್ದರೆ ದೋಣಿ ಜೀವನಪೂರ್ತಿ ಒಂದೇ ಕಡೆ ಎಳೆಯುತ್ತದೆ. ಸೆಕೆಂಡ್ ಹ್ಯಾಂಡ್ ಸಿಕ್ಕರೆ ಫೈಬರ್ ತಳವನ್ನು ಹೆಬ್ಬೆರಳಿನಿಂದ ಒತ್ತುತ್ತಾ ಹೋಗಿ, ಮೆತ್ತಗೆ ಕುಸಿದಲ್ಲಿ ಒಳಗೆ ನೀರು ಸೇರಿದೆ. ಮರದ್ದಾದರೆ ತಳ ಮತ್ತು ಗೋಡೆ ಕೂಡುವ ಮೂಲೆಯ ಉದ್ದಕ್ಕೂ ಸ್ಕ್ರೂಡ್ರೈವರ್ ತುದಿ ಚುಚ್ಚಿ ನೋಡಿ, ಕೊಳೆತಿದ್ದರೆ ಬೆಣ್ಣೆಗೆ ಇಳಿದ ಹಾಗೆ ಇಳಿಯುತ್ತದೆ.

ಹೊಳೆಗೆ ಒಯ್ಯುವ ಮುನ್ನ ಉಣಕಲ್ ಕೆರೆಯಂಥ ನಿಂತ ನೀರಿನಲ್ಲಿ ಅನುಮತಿ ತಗೊಂಡು ಓಡಿಸಿದರೆ ಗಾಳಿಗೆ ಹೇಗೆ ವರ್ತಿಸುತ್ತದೆ, ಸೀಟು ಹುಟ್ಟು ಹೊಂದಿದೆಯೇ ಅನ್ನುವುದು ತಿಳಿಯುತ್ತದೆ. ಸೆಳವಿನ ಗುಣ ಅಲ್ಲಿ ತಿಳಿಯುವುದಿಲ್ಲ. ಹೊಳೆಯಲ್ಲಿ ಮೊದಲ ಸಲ ಇಳಿಯುವ ಜಾಗ, ಹತ್ತುವ ಜಾಗ ಎರಡನ್ನೂ ಹಿಂದಿನ ದಿನ ನಡೆದು ನೋಡಿ ಬನ್ನಿ. ನಡುವೆ ಬಾಂದಾರು, ಬ್ಯಾರೇಜ್ ಇದ್ದರೆ ಅದಕ್ಕಿಂತ ಬಹಳ ಮೊದಲೇ ಹತ್ತಿಬಿಡಬೇಕು. ಮೇಲಿನಿಂದ ಬರುವವನಿಗೆ ಅದು ಬರೀ ಸಮತಟ್ಟು ಗೆರೆಯಾಗಿ ಕಾಣುತ್ತದೆ, ಕೆಳಗೆ ಬೀಳುವ ನೀರು ಹಿಂದಕ್ಕೇ ಮಗುಚುತ್ತಾ ದೋಣಿಯನ್ನೂ ಮನುಷ್ಯನನ್ನೂ ಅಲ್ಲೇ ಹಿಡಿದಿಡುತ್ತದೆ. ಹಮ್ಮಿಗಿಯ ಬ್ಯಾರೇಜಿನ ಹತ್ತಿರ ಹೋಗುವ ಉಮೇದು ಇದ್ದವರು ಇದನ್ನು ಇನ್ನೊಮ್ಮೆ ಓದಿ. ಮರಳು ತೆಗೆದ ಗುಂಡಿಗಳು ಬೇರೆ, ಮೊಣಕಾಲು ನೀರಿನಿಂದ ಒಂದೇ ಹೆಜ್ಜೆಗೆ ಆಳು ಮುಳುಗುತ್ತಾನೆ, ಆದ್ದರಿಂದ ದೋಣಿ ತಳ್ಳಲು ಇಳಿಯುವವನ ಮೈಮೇಲೂ ಲೈಫ್ ಜಾಕೆಟ್ ಇರಬೇಕು. ದಂಡೆಯುದ್ದಕ್ಕೂ ರೈತರ ಪಂಪ್‌ಸೆಟ್ಟಿನ ಪೈಪು, ಕೇಬಲ್ಲು, ಬೆಸ್ತರ ಬಲೆ ಇರುತ್ತವೆ. ಬಲೆಯ ಬೆಂಡು ಕಂಡ ಕೂಡಲೇ ಲಂಗರು ಪೂರ್ತಿ ಮೇಲೆತ್ತಿ, ಹುಟ್ಟು ನೀರಿನಿಂದ ತೆಗೆದು, ಅದರ ಮೇಲೆ ಸುಮ್ನೆ ತೇಲಿಕೊಂಡು ದಾಟಿ.